ಒಲೆಯ ಇದ್ದಲು ಬಸಳೆ ಬುಡಕ್ಕೆ ಹಾಕಲಕ್ಕೋ?

ಕಳುದ ತಿಂಗಳು ಹತ್ತರಾಣ ನೆಂಟ್ರ ಮನೆಲಿ ಉಪ್ನಾನ. ಊಟ ಕಳುದು ಹೆಮ್ಮಕ್ಕೊ ಎಲ್ಲ ಹಿಂದಾಣ ಜೆಗಿಲಿಲಿ ಎಲೆ ತಟ್ಟೆ ಮಡಿಕ್ಕೊಂಡು ಕೂದಿತ್ತಿದ್ದೆಯೊ. ಮದಲು ಸೀರೆ ಶುದ್ದಿ, ಮತ್ತೆ ಮೊಣಕಾಲು ಬೇನೆ ಶುದ್ದಿ, ಅಕೇರಿಗೆ ನೆಟ್ಟಿಕಾಯಿ ಶುದ್ದಿಗೆ ಬಂತು. ಅಷ್ಟಪ್ಪಗ ಒಂದು ಅತ್ತಿಗೆ ಕೇಳಿತ್ತು, "ಈ ಬಯೋಚಾರ್ ಹೇಳ್ತದು ಎಂತರ? ಬೆಶಿನೀರ ಒಲೆಯ ಇದ್ದಲಿನ ಗುದ್ದಿ ಬಸಳೆ ಬುಡಕ್ಕೆ ಹಾಕಿರೆ ಅದೇ ಆತಡ, ಅಪ್ಪೋ?"

ಕೂಡ್ಲೆ ಎರಡು ಪಕ್ಷ ಆತು. ಒಬ್ಬ ಚಿಕ್ಕಮ್ಮ, "ಅದು ಕಪ್ಪು ಬಂಗಾರ, ಎಷ್ಟು ಹಾಕಿರೂ ಒಳ್ಳೆದು" ಹೇಳಿದವು. ಪೇಟೆಲಿಪ್ಪ ಒಂದು ಕೂಸು, "ಇದ್ದಲಿಲಿ ಕ್ಯಾನ್ಸರ್ ಬಪ್ಪ ವಿಷ ಇದ್ದು, ಮುಟ್ಲೇ ಆಗ" ಹೇಳಿತ್ತು. ಇಬ್ರೂ ಮೊಬೈಲಿಲಿ ನೋಡಿದ್ದೇ. ಆನು ಬಾಯಿಲಿ ಎಲೆ ಇದ್ದು ಹೇಳ್ತ ನೆಪಲ್ಲಿ ಸುಮ್ಮನೆ ಕೂದೆ. ಎಂತಕೆ ಹೇಳಿರೆ ಇದರಲ್ಲಿ ಎನ್ನದೂ ಒಂದು ಕತೆ ಇದ್ದು, ಅದರ ಅಷ್ಟು ಜೆನರ ಎದುರು ಹೇಳ್ಲೆ ನಾಚಿಕೆ ಆತು. ಮನಗೆ ಬಂದ ಮೇಲೆ ಮನಸ್ಸಿಲ್ಲಿ ಕೊರವಲೆ ಸುರು ಆತು. ಆನು ಹೇಳದ್ದೆ ಕೂದರೆ ಆ ಅತ್ತಿಗೆಯೂ ಎನ್ನ ಹಾಂಗೇ ಮಾಡುಗು. ಹಾಂಗಾಗಿ ಇಂದು ಬರೆತ್ತಾ ಇದ್ದೆ.

ಎನ್ನ ಅಭಿಪ್ರಾಯವ ಮದಲೇ ಹೇಳಿಬಿಡ್ತೆ. ಇದ್ದಲು ಮಣ್ಣಿಂಗೆ ಒಳ್ಳೆದೇ. ಆದರೆ ಇದ್ದಲು ಹೇಳಿರೆ ಒಂದೇ ವಸ್ತು ಅಲ್ಲ. ಎಂತರ ಸುಟ್ಟದು, ಹೇಂಗೆ ಸುಟ್ಟದು, ಹೇಂಗೆ ಹಾಕಿದ್ದು, ಈ ಮೂರರ ಕೇಳದ್ದೆ "ಒಳ್ಳೆದು" ಹೇಳುದೂ ತಪ್ಪು, "ವಿಷ" ಹೇಳುದೂ ತಪ್ಪು. ನಮ್ಮಲ್ಲಿ ಹೆಚ್ಚಿನ ಮನೆಗಳ ಬೆಶಿನೀರ ಒಲೆಯ ಇದ್ದಲು ಮಾಂತ್ರ ತಿಂಬ ಗೆಡುವಿನ ಬುಡಕ್ಕೆ ಹೋಪಲಾಗ. ಅದಕ್ಕೆ ಕಾರಣ ಇದ್ದಲು ಅಲ್ಲ, ನಾವು.

ಬಯೋಚಾರ್ ಹೇಳಿರೆ ಎಂತರ ಹೇಳಿ ರಜ್ಜ ನೋಡುವ. ಸೌದಿ, ಗೆರಟೆ, ಗೆಲ್ಲು, ಸೋಗೆ, ಹೀಂಗಿಪ್ಪದರ ಗಾಳಿ ಕಮ್ಮಿ ಸಿಕ್ಕುವ ಹಾಂಗೆ ಮಾಡಿ ಸುಟ್ಟರೆ ಎಲ್ಲವೂ ಬೂದಿ ಆವುತ್ತಿಲ್ಲೆ, ಇದ್ದಲು ಒಳಿತ್ತು. ಮಣ್ಣಿಂಗೆ ಹಾಕೆಕ್ಕು ಹೇಳ್ತ ಉದ್ದೇಶಲ್ಲೇ ಆ ಇದ್ದಲಿನ ಮಾಡಿರೆ ಅದಕ್ಕೆ ಬಯೋಚಾರ್ ಹೇಳ್ತವು. ಸಾಧಾರಣ 350ರಿಂದ 700 ಡಿಗ್ರಿ ಸೆಲ್ಸಿಯಸ್ ಬೆಶಿಲಿ ಅದು ಅಪ್ಪದು. ಬೂದಿ ಬೇರೆ, ಇದ್ದಲು ಬೇರೆ. ಬೂದಿ ಹೇಳಿರೆ ಎಲ್ಲ ಹೊತ್ತಿ ಹೋದ ಮೇಲೆ ಒಳುದ ಉಪ್ಪು, ಸುಣ್ಣದ ಅಂಶ. ಅದರಲ್ಲಿ ತುಂಬ ಭಾಗ ಮಳೆಗೆ ಬೇಗ ಕರಗಿ ಹೋಕು. ಇದ್ದಲು ಹೇಳಿರೆ ಇಂಗಾಲ. ಅದರೊಳ ಕಣ್ಣಿಂಗೆ ಕಾಣದ್ದ ಸಾವಿರಾರು ಒಟ್ಟೆಗೊ ಇರ್ತು. ಅದು ನೀರಿನ ಹಿಡ್ಕೊಳ್ತು, ಗೊಬ್ಬರದ ಸಾರವ ಹಿಡ್ಕೊಳ್ತು. ಕುಡಿವ ನೀರಿನ ಫಿಲ್ಟರಿಲ್ಲಿಪ್ಪ ಕಪ್ಪು ವಸ್ತುವೂ, ವಿಷ ಹೊಟ್ಟಗೆ ಹೋದವಕ್ಕೆ ಆಸ್ಪತ್ರೆಲಿ ಕೊಡುವ ಕಪ್ಪು ಹೊಡಿಯೂ ಇದ್ದಲಿನ ಜಾತಿಯೇ. ಹಿಡ್ಕೊಂಬದು ಅದರ ಗುಣ.

ಇದು ನಮಗೆ ಹೊಸತ್ತೂ ಅಲ್ಲ. ನಮ್ಮ ಅಜ್ಜಿಯಕ್ಕೊ ಸುಡುಮಣ್ಣು ಮಾಡಿದ್ದರ ನೋಡಿ ಬೆಳದವು ನಾವು. ಬೇಸಗೆಲಿ ಒಣಗಿದ ಸೊಪ್ಪು, ಗೆಲ್ಲು, ಕಸವಿನ ರಾಶಿ ಹಾಕಿ, ಮೇಲೆ ಮಣ್ಣು ಹೊದೆಶಿ, ಒಂದು ಕೊಡಿಲಿ ಕಿಚ್ಚು ಹಾಕಿರೆ ಎರಡು ದಿನ ನಿಧಾನಕ್ಕೆ ಹೊಗೆ ಬಂದುಗೊಂಡಿಕ್ಕು. ತಣುದ ಮೇಲೆ ಆ ಮಣ್ಣಿನ ಬದನಗೂ, ಬೆಂಡಗೂ, ಮಲ್ಲಿಗೆ ಗೆಡುವಿಂಗೂ ಹಾಕುಗು. ಅದರಲ್ಲಿ ಬೂದಿಯೂ ಇದ್ದತ್ತು, ಇದ್ದಲೂ ಇದ್ದತ್ತು.

ದೂರದ ಬ್ರೆಜಿಲಿನ ಅಮೆಜಾನ್ ಕಾಡಿಲ್ಲಿಯೂ ಇಂಥದ್ದೇ ಒಂದು ಇದ್ದು. ಅಲ್ಯಾಣ ಮಣ್ಣು ನಮ್ಮದರ ಹಾಂಗೆ ಮಳೆಗೆ ಸಾರ ತೊಳದು ಹೋದ ಮಣ್ಣು. ಅದರ ನೆಡುಕೆ ಅಲ್ಲಲ್ಲಿ ಕರಿಕಪ್ಪು ಮಣ್ಣಿನ ಜಾಗೆಗೊ ಇದ್ದು. 'ತೆರ್ರಾ ಪ್ರೆತಾ' ಹೇಳ್ತವು ಅದರ, ಹೇಳಿರೆ ಪೋರ್ಚುಗೀಸ್ ಭಾಷೆಲಿ ಕಪ್ಪು ಮಣ್ಣು. ನೂರಾರು, ಸಾವಿರಾರು ವರ್ಷ ಹಿಂದೆ ಅಲ್ಲಿ ಬದುಕ್ಕಿದ ಜೆನಂಗೊ ಒಲೆಯ ಇದ್ದಲು, ಮೀನಿನ ಎಲುಬು, ಒಡದ ಮಣ್ಣಿನ ಅಳಗೆಯ ತುಂಡು, ಮನೆಯ ಕಸವು ಎಲ್ಲ ಹಾಕಿ ಹಾಕಿ ಆದ ಮಣ್ಣಡ ಅದು. ಇಂದಿಂಗೂ ಕಪ್ಪು, ಇಂದಿಂಗೂ ಫಲವತ್ತು. ಎನಗೆ ಇದರ ಓದುವಗ ಅಡಿಗೆ ಒಲೆಯ ಬೂದಿ ಬಾಚುವ ಹೆಮ್ಮಕ್ಕಳೇ ಕಣ್ಣಿಂಗೆ ಬಂದವು.

ಆದರೆ ಅದರಿಂದ ಕಲಿಯೆಕ್ಕಾದ ಪಾಠ ಇನ್ನೊಂದು ಇದ್ದು. ಇದ್ದಲಿನ ಒಂದರಿ ಮಣ್ಣಿಂಗೆ ಹಾಕಿರೆ ಅದು ನೂರಾರು ವರ್ಷ ಒಳಿತ್ತು. ಸಗಣ ಗೊಬ್ಬರ ಎರಡು ಮಳೆಗಾಲಲ್ಲಿ ಕರಗಿ ಮಣ್ಣಾವುತ್ತು, ಹೆಚ್ಚು ಕಮ್ಮಿ ಆದರೆ ಬಪ್ಪ ವರ್ಷ ಸರಿ ಮಾಡ್ಲಕ್ಕು. ಇದ್ದಲು ಹಾಂಗಲ್ಲ. ಸಾಂಬಾರಿಂಗೆ ಉಪ್ಪು ಕಮ್ಮಿ ಆದರೆ ಮತ್ತೆ ಹಾಕಲಕ್ಕು, ಹೆಚ್ಚಾದರೆ ತೆಗವಲೆ ಎಡಿಯ. ಹಾಂಗೇ ಇದು.

ಇನ್ನು ಎನ್ನ ಕತೆ.

ಎರಡು ವರ್ಷ ಹಿಂದೆ ಅಣ್ಣನ ಮಗ ರಜೆಲಿ ಬಂದಿಪ್ಪಗ ಮೊಬೈಲಿಲಿ ಇದರ ತೋರುಸಿದ. ಎನಗೆ ಉಮೇದು ಬಂತು. ಮನೆಲೇ ದಿನಾಗಿಲೂ ಇದ್ದಲು ಆವುತ್ತು, ಪೈಸೆ ಖರ್ಚಿಲ್ಲೆ, ಮತ್ತೆಂತ ಬೇಕು? ಒಂದು ತಿಂಗಳು ಬೆಶಿನೀರ ಒಲೆಯ ಇದ್ದಲಿನ ಹಳೆ ಎಣ್ಣೆ ಡಬ್ಬಿಲಿ ತುಂಬುಸಿದೆ. ಒಂದು ದಿನ ಮಜ್ಜಾನ ಮೇಲೆ ಜಾಲ ಕರೆಲಿ ಕೂದು ಗುದ್ದಿದೆ. ಒಣ ಇದ್ದಲು, ಹೊಡಿ ಎಲ್ಲ ಮೋರಗೆ ಬಂತು. ಇರುಳು ನೋಡಿರೆ ಮೂಗಿನ ಒಳ ಕಪ್ಪು, ಉಗುಳಿರೆ ಕಪ್ಪು. ಎಂಟು ದಿನ ಸೆಮ್ಮ ಬಿಟ್ಟಿದಿಲ್ಲೆ. ಅಷ್ಟಾದರೂ ಆನು ಬಿಟ್ಟಿದಿಲ್ಲೆ. ಬಸಳೆ ಚಪ್ಪರದ ಬುಡಕ್ಕೂ ಹರಿವೆ ಸಾಲಿಂಗೂ ಬುಟ್ಟಿ ಬುಟ್ಟಿ ಹಾಕಿದೆ. ಬೂದಿಯೂ ಅದರೊಟ್ಟಿಂಗೇ.

ಹದಿನೈದು ದಿನ ಅಪ್ಪಗ ಹರಿವೆ ಎಲೆ ಅರಿಶಿನ ಬಣ್ಣಕ್ಕೆ ತಿರುಗಿತ್ತು, ಬಸಳೆ ಕೊಡಿ ಮುರುಟಿತ್ತು. "ಎಂತರ ಹಾಕಿದ್ದು ನೀನು?" ಕೇಳಿದವು ಇವು. ಬುಡ ಬಿಡುಸಿ ನೋಡುವ ಹೇಳಿ ಸಣ್ಣ ಕತ್ತಿಲಿ ಕೆರಸಿದೆ. ಅಷ್ಟಪ್ಪಗ ಸಿಕ್ಕಿತ್ತು ನೋಡಿ: ಕರಗಿ ಉಂಡೆ ಆದ ಪ್ಲಾಸ್ಟಿಕ್ಕು, ಒಂದು ಚೂಡಿದಾರದ ಜಿಪ್ಪು, ಮಾತ್ರೆಯ ಬೆಳಿ ಕಾಗದದ ತುಂಡು, ಮತ್ತೆ ಪಚ್ಚೆ ಪೈಂಟು ಅರ್ಧ ಹೊತ್ತಿದ ಒಂದು ಮರದ ಚೂರು. ಆ ವರ್ಷ ಮನೆ ರಿಪೇರಿ ಮಾಡುಸಿ ಹಳೆ ಕಿಟಿಕಿ, ದಾರಂದ ಎಲ್ಲ ಕೊಚ್ಚಿ ಬೆಶಿನೀರ ಒಲಗೇ ಹಾಕಿತ್ತಿದ್ದೆಯೊ.

ಅಲ್ಲಿವರೆಗೆ ಎನಗೆ ಹೊಳದ್ದೇ ಇಲ್ಲೆ. ನಮ್ಮ ಬೆಶಿನೀರ ಒಲೆ ಹೇಳಿರೆ ಒಲೆ ಮಾಂತ್ರ ಅಲ್ಲ, ಮನೆಯ ಕಸವಿನ ತೊಟ್ಟಿಯೂ ಅದೇ. ಹಾಲಿನ ತೊಟ್ಟೆ, ಬಿಸ್ಕತ್ತಿನ ಕಾಗದ, ಹರುದ ಚೆರ್ಪು, ಹಳೆ ವಯರು, ಕಿಚ್ಚು ಹಿಡಿಯದ್ದರೆ ಒಂದು ಪ್ಲಾಸ್ಟಿಕ್ ಚೀಲ. "ಒಲಗೆ ಹಾಕು" ಹೇಳಿರೆ ಮುಗುತ್ತು, ಕಣ್ಣೆದುರಿಂದ ಹೋತು. ಹೋದ್ದು ಎಲ್ಲಿಗೆ ಹೇಳಿ ಆರೂ ಕೇಳ್ತಿಲ್ಲೆ.

ಆ ಹದಿನೈದು ದಿನಲ್ಲಿ ಅದೇ ಬಸಳೆಯ ಎರಡು ಸರ್ತಿ ಕೊಯಿದು ಕೊದಿಲು ಮಾಡಿದ್ದೆ. ಎನ್ನ ನಾಲ್ಕು ವರ್ಷದ ಪುಳ್ಳಿ, "ಅಜ್ಜಿ, ಇನ್ನೂ ರಜ್ಜ ಬಳುಸು" ಹೇಳಿ ಉಂಡಿದು. ಪುಳ್ಳಿಗೆ ಎಂತದೂ ಆಯಿದಿಲ್ಲೆ. ಎರಡು ಊಟಲ್ಲಿ ಎಂತ ಅಪ್ಪಲೂ ಇಲ್ಲೆ. ಆದರೆ ಹರಿವೆ ಅರಿಶಿನ ಆಗದ್ದೆ, ಚೆಂದಕ್ಕೆ ಬೆಳದಿದ್ದರೆ? ಆನು ಖುಷಿಲಿ ವರ್ಷ ವರ್ಷ ಹಾಕುತ್ತಿತ್ತೆ, ಅದು ವರ್ಷ ವರ್ಷ ಉಣ್ತಿತ್ತು. ಆ ಯೋಚನೆ ಇಂದಿಂಗೂ ಎನ್ನ ತಲೆಂದ ಹೋಯಿದಿಲ್ಲೆ.

ಅದಾದ ಮೇಲೆ ಓದಲೆ, ಗೊಂತಿಪ್ಪವರ ಹತ್ತರೆ ಕೇಳ್ಲೆ ಸುರು ಮಾಡಿದೆ. ತಿಳುದ್ದರ ಹೇಳ್ತೆ.

ಮದಲಾಣ ಪ್ರಶ್ನೆ, ಎಂತರ ಸುಟ್ಟದು? ಸಾಧಾರಣ ನಾಲ್ಕು ಕಿಲೋ ಒಣ ಸೌದಿಂದ ಒಂದು ಕಿಲೋ ಇದ್ದಲು ಸಿಕ್ಕುಗು. ಒಳುದ್ದು ಹೊಗೆಯಾಗಿ, ಹಬೆಯಾಗಿ ಹೋವುತ್ತು. ಆದರೆ ಸೀಸ, ತಾಮ್ರ, ಆರ್ಸೆನಿಕ್ಕಿನ ಹಾಂಗಿಪ್ಪದು ಹೊತ್ತಿ ನಾಶ ಆವುತ್ತಿಲ್ಲೆ. ತುಂಬ ಭಾಗ ಇದ್ದಲು, ಬೂದಿಲೇ ಒಳಿತ್ತು. ಕಷಾಯವ ನಾಲ್ಕು ಗ್ಲಾಸಿಂದ ಒಂದು ಗ್ಲಾಸಿಂಗೆ ಬತ್ತುಸಿರೆ ಕೈಕ್ಕೆ ಹೇಂಗೆ ಹೆಚ್ಚಪ್ಪದೋ ಹಾಂಗೆ, ಸೌದಿಲಿ ರಜ್ಜ ಇದ್ದದು ಇದ್ದಲಿಲಿ ದಪ್ಪ ಆವುತ್ತು.

ಹಳೆ ಪೈಂಟಿಲ್ಲಿ ಸೀಸ ಇಪ್ಪಲೆ ಸಾಕು. ನಮ್ಮ ದೇಶಲ್ಲಿ ಮನಗೆ ಬಳಿವ ಪೈಂಟಿಲ್ಲಿ ಸೀಸ ಹತ್ತು ಲಕ್ಷ ಭಾಗಲ್ಲಿ 90 ಭಾಗಂದ ಹೆಚ್ಚು ಇಪ್ಪಲಾಗ ಹೇಳ್ತ ನಿಯಮ 2016ರಲ್ಲಿ ಆಗಿ, 2017ರ ನವೆಂಬರಿಂದ ಜಾರಿಗೆ ಬಂದದು. ಅದರಿಂದ ಮದಲಾಣ ಕಿಟಿಕಿ, ಬಾಗಿಲು, ಕುರ್ಶಿಯ ಪೈಂಟಿಲ್ಲಿ ಎಷ್ಟಿತ್ತು ಹೇಳಿ ಆರಿಂಗೆ ಗೊಂತು? ಸೀಸ ಸಣ್ಣ ಮಕ್ಕಳ ಮೆದುಳಿಂಗೆ ಹಾಳು. ಬೇರಿಂದ ಸೊಪ್ಪಿಂಗೆ ಹತ್ತುದು ಕಮ್ಮಿ ಆದರೂ, ಮಳೆಗೆ ರಟ್ಟಿದ ಮಣ್ಣು ಸೊಪ್ಪಿಂಗೆ ಹಿಡುದು ಹೊಟ್ಟಗೆ ಹೋಕು, ಮಣ್ಣಾಟ ಆಡುವ ಮಕ್ಕಳ ಕೈಂದ ಬಾಯಿಗೆ ಹೋಕು. ಗೆದ್ದಲು ಹಿಡಿಯದ್ದ ಹಾಂಗೆ ಮದ್ದು ಹಾಕಿದ ಮರಂಗಳೂ ಹಾಂಗೇ. ಅದರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಇಪ್ಪಲೂ ಸಾಕು. ಪಿವಿಸಿ ಹೇಳ್ತ ಪ್ಲಾಸ್ಟಿಕ್ಕು, ಹೇಳಿರೆ ಪೈಪಿನ ತುಂಡು, ವಯರಿನ ಚೋಲಿ, ಕೆಲವು ರೈನ್‌ಕೋಟು, ಇದರ ಒಲೆಲಿ ಹೊತ್ತುಸಿರೆ ಡಯಾಕ್ಸಿನ್ ಹೇಳ್ತ ವಿಷ ಉಂಟಾವುತ್ತು. ಅದು ಹೊಗೆಲಿಯೂ ಇರ್ತು, ಮಸಿಲಿಯೂ ಇರ್ತು, ಬೂದಿಲಿಯೂ ಇರ್ತು.

ನಮ್ಮ ಅಡಕ್ಕೆ ತೋಟದವಕ್ಕೆ ಇನ್ನೊಂದು ಮಾತು ಇದ್ದು. ಮಹಾಳಿಗೆ ಬೋರ್ಡೋ ಮದ್ದು ಬಿಡ್ತು ನಾವು, ನೂರು ಲೀಟರು ನೀರಿಂಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತು ಹೇಳಿರೆ ತಾಮ್ರವೇ. ಅದು ಅಡಕ್ಕೆ ಚೋಲಿಲಿ, ಸೋಗೆಲಿ, ಹಾಳೆಲಿ ಹಿಡುದಿರ್ತು. ತೋಟದ ಮಣ್ಣಿಂಗೂ ವರ್ಷ ವರ್ಷ ಬಿದ್ದಿರ್ತು. ಗೆಡುವಿಂಗೆ ತಾಮ್ರ ರಜ್ಜ ಬೇಕು, ಹೆಚ್ಚಾದರೆ ಬೇರಿಂಗೂ ಎರೆಹುಳುವಿಂಗೂ ಹಾಳು. ಹಾಂಗಾಗಿ ಮದ್ದು ಬಿಟ್ಟ ವರ್ಷದ ಚೋಲಿಯ ಸುಟ್ಟು, ಆ ಇದ್ದಲಿನ ಪುನಾ ಅದೇ ತೋಟಕ್ಕೆ ರಾಶಿ ಹಾಕುದು ಎನಗೆ ಸರಿ ಕಾಣ್ತಿಲ್ಲೆ. ಗೆರಟೆ, ಕೊತ್ತಳಿಂಗೆ, ಮಡಲಿನ ದಂಟು, ಬಿದುರು, ಜಾಲ ಕರೆಯ ಮರದ ಗೆಲ್ಲು, ಇಷ್ಟು ಸಾಕು ನಮಗೆ. ಎಲ್ಲದರಿಂದ ಗೆರಟೆ ಒಳ್ಳೆದು.

ಎರಡನೇ ಪ್ರಶ್ನೆ, ಹೇಂಗೆ ಸುಟ್ಟದು? ಪೇಟೆ ಕೂಸು ಹೇಳಿದ ಕ್ಯಾನ್ಸರ್ ವಿಷದ ಮಾತು ಪೂರ ಲೊಟ್ಟೆ ಅಲ್ಲ. ಸೌದಿ ಸರಿ ಹೊತ್ತದ್ದೆ ಹೊಗೆ ಬಂದರೆ ಆ ಹೊಗೆಲಿ ಪಿಎಎಚ್ ಹೇಳ್ತ ಕೆಲವು ವಸ್ತುಗೊ ಇರ್ತು. ಅದರಲ್ಲಿ ಕೆಲವು ಕ್ಯಾನ್ಸರ್ ತಪ್ಪದು ಅಪ್ಪು. ಹೊಗೆ ಅಲ್ಲೇ ತಣುದು ಇದ್ದಲಿಂಗೆ ಹಿಡುದರೆ ಇದ್ದಲು ಅಂಟಂಟು ಆವುತ್ತು, ಡಾಂಬರಿನ ವಾಸನೆ ಬತ್ತು. ಅಂಥ ಇದ್ದಲು ಬೇಡ. ಹೊಗೆಯೇ ಹೊತ್ತಿ ಹೋದರೆ ಇದ್ದಲು ಶುದ್ಧ ಆವುತ್ತು.

ಅದಕ್ಕೆ ಸುಲಾಬದ ದಾರಿ ಇದ್ದು. ಮೇಗೆ ಅಗಲ, ಅಡಿ ಸಪೂರ ಇಪ್ಪ ಒಂದು ಗುಂಡಿ. ಅದರಲ್ಲಿ ಒಣ ಗೆರಟೆ, ಗೆಲ್ಲು ರಜ್ಜ ಹಾಕಿ ಮೇಲಂದ ಕಿಚ್ಚು ಹಾಕುದು, ಅಡಿಂದ ಅಲ್ಲ. ಮೇಲೆ ಹೊತ್ತುವ ಕಿಚ್ಚು ಅಡಿಂದ ಬಪ್ಪ ಹೊಗೆಯ ತಿಂತು. ಮೇಗಾಣ ತುಂಡಿಲ್ಲಿ ಬೆಳಿ ಬೂದಿ ಕಾಂಬಲೆ ಸುರು ಅಪ್ಪಗ ಇನ್ನೊಂದು ಪದರ ಹಾಕುದು. ಹೀಂಗೆ ಗುಂಡಿ ತುಂಬಿದ ಮೇಲೆ ಬೂದಿ ಆಗದ್ದ ಹಾಂಗೆ ಕೊಡಪಾನಲ್ಲಿ ನೀರು ಎರದು ನಂದುಸುದು. ಹಸಿ ಸೌದಿ ಹಾಕಿರೆ ಹೊಗೆ ಬಪ್ಪದು ಖಂಡಿತ, ಚೆಂದಕ್ಕೆ ಒಣಗಿರೆಕ್ಕು. ಸರಿ ಆದ ಇದ್ದಲಿನ ಕೈಲಿ ಉದ್ದಿ ನೀರಿಲ್ಲಿ ತೊಳದರೆ ಕಪ್ಪು ಹೋಕು. ಸೋಪು ಹಾಕಿರೂ ಜಿಡ್ಡು ಹೋಗದ್ದರೆ ಅದು ಸರಿ ಬೆಂದಿದಿಲ್ಲೆ ಹೇಳಿ ಲೆಕ್ಕ. ಅದರ ಪುನಾ ಕಿಚ್ಚಿಂಗೇ ಹಾಕಿ.

ಮೂರನೇ ಪ್ರಶ್ನೆ, ಹೇಂಗೆ ಹಾಕಿದ್ದು? ಎನ್ನ ಹರಿವೆ ಅರಿಶಿನ ಆದ್ದು ಎಂತಕೆ ಹೇಳಿ ಮತ್ತೆ ಗೊಂತಾತು. ಹೊಸ ಇದ್ದಲಿನ ಹೊಟ್ಟೆ ಖಾಲಿ. ಗೆಡುವಿಂಗೆ ಸಿಕ್ಕೆಕ್ಕಾದ ಸಾರಜನಕವ ಅದೇ ಹಿಡ್ಕೊಂಡತ್ತು. ಅದರೊಟ್ಟಿಂಗೆ ಹಾಕಿದ ಬೂದಿ ಮಣ್ಣಿನ ಸುಣ್ಣದ ಹಾಂಗೆ ಕ್ಷಾರ ಮಾಡಿತ್ತು. ನಮ್ಮ ಕರಾವಳಿಯ ಕೆಂಪು ಮಣ್ಣು ಹುಳಿ ಮಣ್ಣು, ರಜ್ಜ ಬೂದಿ ಇದ್ದಲು ಬಿದ್ದರೆ ಗುಣವೇ. ಆದರೆ ಬುಟ್ಟಿ ಬುಟ್ಟಿ ಹಾಕಿರೆ ಕಬ್ಬಿಣ, ಸತುವಿನ ಹಾಂಗಿಪ್ಪದು ಮಣ್ಣಿಲ್ಲಿದ್ದರೂ ಬೇರಿಂಗೆ ಸಿಕ್ಕುತ್ತಿಲ್ಲೆ.

ಹಾಂಗಾಗಿ ಇದ್ದಲಿಂಗೆ ಮದಲು ಉಂಬಲೆ ಕೊಡೆಕ್ಕು. ಹಟ್ಟಿ ಇಪ್ಪವಕ್ಕೆ ಇದರಿಂದ ಸುಲಾಬ ಬೇರೆ ಇಲ್ಲೆ. ಇದ್ದಲಿನ ಹೊಡಿಯ ಗೋಮೂತ್ರ ಹರಿವ ಕಣಿಲಿಯೋ, ಗೊಬ್ಬರದ ಗುಂಡಿಲಿಯೋ ಹಾಕಿ ಒಂದು ತಿಂಗಳು ಬಿಟ್ಟರೆ ಆತು. ಹಟ್ಟಿಯ ವಾಸನೆಯೂ ಕಮ್ಮಿ ಆವುತ್ತು. ಹಟ್ಟಿ ಇಲ್ಲದ್ದವು ಅಡಿಗೆಮನೆ ಕಸವಿನ ಗೊಬ್ಬರದೊಟ್ಟಿಂಗೆ ಬೆರುಸಿ ಮಡುಗಲಕ್ಕು. ಮತ್ತೆ ಹತ್ತು ಬುಟ್ಟಿ ಮಣ್ಣು ಗೊಬ್ಬರಕ್ಕೆ ಒಂದು ಬುಟ್ಟಿಂದ ಹೆಚ್ಚು ಬೇಡ. ಮದಲಾಣ ವರ್ಷ ಅದರ ಅರ್ಧವೇ ಸಾಕು. ಮಣ್ಣು ಪರೀಕ್ಷೆ ಮಾಡುಸಿ ಹುಳಿಯೋ ಕ್ಷಾರವೋ ನೋಡಿ ಹಾಕಿರೆ ಇನ್ನೂ ಒಳ್ಳೆದು.

ಅಡಿಗೆಮನೆಲೇ ಮಾಡ್ಲಕ್ಕಾದ ಒಂದು ಪರೀಕ್ಷೆ ಹೇಳ್ತೆ. ಎರಡು ಗೆರಟೆ ತೆಕ್ಕೊಳ್ಳಿ. ಒಂದರಲ್ಲಿ ಬರೀ ಮಣ್ಣು ಗೊಬ್ಬರ, ಇನ್ನೊಂದರಲ್ಲಿ ಅದಕ್ಕೇ ಇದ್ದಲು ಬೆರುಸಿ ಹಾಕಿ. ಎರಡರಲ್ಲಿಯೂ ಹತ್ತತ್ತು ಹಸರು ಕಾಳು ಬಿತ್ತಿ. ವಾರ ಕಳುದು ನೋಡುವಗ ಇದ್ದಲಿಂದರಲ್ಲಿ ಕಮ್ಮಿ ಮೊಳಕೆ ಬಂದಿದ್ದರೆ, ಅಥವಾ ಮೊಳಕೆ ಸೊರಗಿದ್ದರೆ, ಆ ಇದ್ದಲು ಇನ್ನೂ ಗೆಡುವಿಂಗೆ ಆಯಿದಿಲ್ಲೆ ಹೇಳಿ ಅರ್ಥ. ಆದರೆ ಒಂದು ನೆಂಪಿಲ್ಲಿ ಮಡುಗಿ. ಸೀಸ ಇದ್ದೋ ಇಲ್ಲೆಯೋ ಹೇಳಿ ಈ ಪರೀಕ್ಷೆಲಿ ಗೊಂತಾಗ. ಹಸರು ಚೆಂದಕ್ಕೆ ಮೊಳಕೆ ಬಕ್ಕು, ಸೀಸ ಅಲ್ಲೇ ಇಕ್ಕು. ಅದಕ್ಕೆ ಒಂದೇ ಪರೀಕ್ಷೆ, ಒಲಗೆ ಎಂತರ ಹಾಕಿದ್ದು ಹೇಳಿ ನಮಗೆ ಗೊಂತಿರೆಕ್ಕು.

ಇನ್ನೊಂದು ಮಾತು, ಇದರ ಆರೂ ಹೇಳಿದ್ದರ ಆನು ಕೇಳಿದ್ದಿಲ್ಲೆ. ಮಣ್ಣಿಂಗೆ ಒಳ್ಳೆದೋ, ಗೆಡುವಿಂಗೆ ಒಳ್ಳೆದೋ ಹೇಳಿ ಎಲ್ಲೋರು ಕೇಳ್ತವು. ಇದ್ದಲು ಮಾಡುವವಕ್ಕೆ ಒಳ್ಳೆದೋ ಹೇಳಿ ಕೇಳ್ತವಿಲ್ಲೆ. ಗುದ್ದುದು ಆರು? ಗಾಳುಸುದು ಆರು? ಹೊಗೆ ಎದುರು ನಿಂಬದು ಆರು? ಹೆಚ್ಚಾಗಿ ನಾವೇ, ಅಲ್ಲದ್ದರೆ ಕೆಲಸಕ್ಕೆ ಬಪ್ಪ ಹೆಮ್ಮಕ್ಕೊ. ಒಲೆ ಹೊಗೆ ತಿಂದ ನಮ್ಮ ಅಬ್ಬೆಕ್ಕಳ ಉಸುಲಿನ ಕಷ್ಟ ನಾವು ನೋಡಿದ್ದು. ಪುನಾ ನಾವೇ ಹೋಗಿ ಒಣ ಇದ್ದಲಿನ ಹೊಡಿ ಎಳಕ್ಕೊಂಬದು ಎಂತಕೆ? ಇದ್ದಲಿನ ಯೇವಗಳೂ ಚೆಂಡಿ ಮಾಡಿಯೇ ಗುದ್ದೆಕ್ಕು. ಗೋಣಿಲಿ ಕಟ್ಟಿ ಮೇಲಂದ ಮೆಟ್ಟಿರೂ ಹೊಡಿ ಆವುತ್ತು. ಮೂಗು ಬಾಯಿಗೆ ಮಾಸ್ಕು ಇರಲಿ, ಕೊರೋನ ಕಾಲದ್ದು ಎಲ್ಲ ಮನೆಲಿ ಒಳುದಿಕ್ಕು. ಗೆಲ್ಲು ಸುಡುದಿದ್ದರೆ ಗಾಳಿ ನೋಡಿ, ನೆರೆಕರೆಯವು ವಸ್ತ್ರ ಒಣಗುಸದ್ದ ಹೊತ್ತು ನೋಡಿ.

ನಂದಿದ್ದು ಹೇಳಿ ಗ್ರೇಶಿದ ಇದ್ದಲು ಗಂಟೆಗಟ್ಲೆ ಕಳುದು ಪುನಾ ಹೊತ್ತುಗು. ಅದರ ಗೋಣಿಲಿ ತುಂಬುಸಿ ಸೌದಿ ಕೊಟ್ಟಗೆಲಿ ಮಡುಗಲಾಗ. ಒಂದು ದಿನ ಹೆರವೇ ಚೆಂಡಿ ಇರಲಿ. ಕೆಂಡ ಇಪ್ಪ ಇದ್ದಲಿನ ಬಾಗಿಲು ಹಾಕಿದ ಕೋಣೆ ಒಳ ಮಡುಗುಲೇ ಆಗ. ಅದರಿಂದ ಬಪ್ಪ ಕಾರ್ಬನ್ ಮೊನಾಕ್ಸೈಡಿಂಗೆ ವಾಸನೆ ಇಲ್ಲೆ, ಬಣ್ಣ ಇಲ್ಲೆ, ಒರಗಿದಲ್ಲೇ ಜೀವ ಹೋಕು. ಬಾಣಂತಿ ಕೋಣೆಲಿ ಕೆಂಡದ ಚಟ್ಟಿ ಮಡುಗುವ ಕ್ರಮ ಇಪ್ಪಲ್ಲಿ ಕಿಟಿಕಿ ತೆಗದಿರೆಕ್ಕು ಹೇಳುದರ ಇದರೊಟ್ಟಿಂಗೇ ಹೇಳಿ ಬಿಡ್ತೆ.

"ನಮ್ಮ ಅಜ್ಜಿಯಕ್ಕೊ ಇಷ್ಟೆಲ್ಲ ನೋಡಿದ್ದವೋ? ಅವಕ್ಕೆ ಎಂತಾಯಿದು?" ಹೇಳಿ ಕೇಳುಗು ಕೆಲವು ಜೆನ. ಅವರ ಒಲಗೆ ಹಾಲಿನ ತೊಟ್ಟೆ ಬಿದ್ದಿದಿಲ್ಲೆ ಅಕ್ಕಾ. ಅವರ ಸುಡುಮಣ್ಣಿಂಗೆ ಹೋದ್ದು ತರಗೆಲೆ, ಗೆಲ್ಲು, ಮಣ್ಣು ಮಾಂತ್ರ. ಅವರ ಪದ್ಧತಿಯ ನಾವು ಹಿಡುದಿದು, ಅವರ ಒಲೆಯ ಹಿಡುದಿದಿಲ್ಲೆ. ಆದರೂ ಹೊಗೆ ಅವರ ಬಿಟ್ಟಿದಿಲ್ಲೆ ಹೇಳುದನ್ನೂ ಮರವಲಾಗ.

"ಹಾಂಗಾರೆ ಈ ರಗಳೆಯೇ ಬೇಡ" ಹೇಳುವ ಪೇಟೆ ಕೂಸಿಂಗೂ ಒಂದು ಮಾತು. ಕರಟಿದ ಹಪ್ಪಳಲ್ಲಿಯೂ, ಬೀಡಿ ಹೊಗೆಲಿಯೂ, ಬಸ್ಸಿನ ಹೊಗೆಲಿಯೂ ಇಪ್ಪದು ಅದೇ ಜಾತಿಯ ವಸ್ತುಗೊ. ಚೆಂದಕ್ಕೆ ಮಾಡಿದ ಇದ್ದಲಿಲಿ ಅದು ತುಂಬ ಕಮ್ಮಿ, ಇದ್ದದರನ್ನೂ ಇದ್ದಲೇ ಗಟ್ಟಿ ಹಿಡ್ಕೊಂಡಿರ್ತು, ಗೆಡುವಿಂಗೆ ಸುಲಾಬಲ್ಲಿ ಬಿಡ್ತಿಲ್ಲೆ. ಹೆದರಿ ಬಿಡೆಕ್ಕು ಹೇಳಿ ಇಲ್ಲೆ. ಗೊಂತಿದ್ದು ಮಾಡೆಕ್ಕು.

ಪೆಕೆಟಿಲ್ಲಿ ತೆಗವವು ಒಂದು ಪ್ರಶ್ನೆ ಕೇಳಿ: "ಇದು ಎಂತರ ಸುಟ್ಟ ಇದ್ದಲು? ಪರೀಕ್ಷೆ ಮಾಡುಸಿದ ಕಾಗದ ಇದ್ದೋ?" ಯುರೋಪಿಲ್ಲಿ 2012ರಿಂದ ಬಯೋಚಾರಿಂಗೆ ಒಂದು ಪ್ರಮಾಣಪತ್ರದ ವ್ಯವಸ್ಥೆ ಇದ್ದು. ಸೀಸ, ಕ್ಯಾಡ್ಮಿಯಂ, ತಾಮ್ರ, ಪಿಎಎಚ್ ಎಲ್ಲದಕ್ಕೂ ಮಿತಿ ಹಾಕಿದ್ದವು. ನಾವು ಬೇಳೆ ತೆಗವಗ ಕೈಲಿ ಹಿಡುದು ನೋಡ್ತು, ಸೀರೆ ತೆಗವಗ ಬೆಣಚ್ಚಿಲ್ಲಿ ನೋಡ್ತು. ನೂರಾರು ವರ್ಷ ಮಣ್ಣಿಲ್ಲಿ ಒಳಿವದಕ್ಕೆ ಒಂದು ಪ್ರಶ್ನೆ ಹೆಚ್ಚಾವುತ್ತಿಲ್ಲೆ.

ಆ ಬಸಳೆ ಬುಡದ ಮಣ್ಣಿನ ಆನು ಒಂದು ಕೋಲು ಆಳಕ್ಕೆ ತೆಗದು, ಗೇಟಿನ ಹತ್ತರಾಣ ಕ್ರೋಟನ್ ಗೆಡುಗಳ ಬುಡಕ್ಕೆ ಹಾಕುಸಿದೆ. ತಿಂಬಲೆ ಅಲ್ಲಿ ಎಂತದೂ ಇಲ್ಲೆ. ಪುಳ್ಳಿಗೆ ಅಲ್ಲಿ ಮಣ್ಣಾಟಕ್ಕೆ ಬಿಡ್ತಿಲ್ಲೆ. ಹೊಸ ಮಣ್ಣು, ಹಟ್ಟಿಗೊಬ್ಬರ, ಗೆರಟೆ ಇದ್ದಲು ಹಾಕಿ ಪುನಾ ಬಸಳೆ ನೆಟ್ಟೆ. ಈ ಮಳೆಗಾಲಲ್ಲಿ ದಂಟು ಹೆಬ್ಬೆರಳು ದಪ್ಪ ಬೈಂದು. ಇದ್ದಲಿಂದಲೋ, ಹಟ್ಟಿಗೊಬ್ಬರಂದಲೋ ಹೇಳಿ ಆನು ಹಟ ಹಿಡಿತ್ತಿಲ್ಲೆ.

ಅದರಿಂದ ಕಷ್ಟದ ಕೆಲಸ ಒಲೆದು. "ಬೆಶಿನೀರ ಒಲಗೆ ಸೌದಿ ಬಿಟ್ಟು ಬೇರೆಂತ ಹಾಕಲಾಗ" ಹೇಳಿದ್ದಕ್ಕೆ ಸುರುವಿಂಗೆ ಮನೆಲಿ ಎಲ್ಲೋರಿಂಗೂ ನೆಗೆ. ಇವು ಎರಡು ಸರ್ತಿ ಮರದು ಹಾಕಿದವು, ಆನು ಎರಡು ಸರ್ತಿ ಇಕ್ಕುಳಲ್ಲಿ ಹೆರ ತೆಗದೆ. ಮೂರನೇ ಸರ್ತಿ ಅವ್ವೇ ತೆಗದವು. ಕಸವು ಹೊತ್ತುಸುದು ಘನತ್ಯಾಜ್ಯ ನಿಯಮಲ್ಲಿಯೂ ಆಗದ್ದ ಕೆಲಸವೇ. ಹಾಲಿನ ತೊಟ್ಟೆಗಳ ತೊಳದು ಬಳ್ಳಿಲಿ ಒಣಗುಸಿ ಒಂದು ಚೀಲಲ್ಲಿ ತುಂಬುಸಿ ಮಡುಗುತ್ತೆ, ಪಂಚಾಯತಿನವು ಬಪ್ಪಗ ಕೊಡ್ತೆ. ಈಗ ಒಲೆಯ ಕರೆಲಿ ಎರಡು ಡಬ್ಬಿ ಇದ್ದು, ಒಂದು ಗೆರಟಗೆ, ಒಂದು ಇದ್ದಲಿಂಗೆ.

ಉಪ್ನಾನಲ್ಲಿ ಕೇಳಿದ ಅತ್ತಿಗೆಗೆ ನಿನ್ನೆ ಫೋನು ಮಾಡಿ ಎಲ್ಲ ಹೇಳಿದೆ. ಎಲ್ಲ ಕೇಳಿಕ್ಕಿ ರಜ್ಜ ಹೊತ್ತು ಮಾತಿಲ್ಲೆ. ಮತ್ತೆ ಮೆಲ್ಲಂಗೆ ಹೇಳಿತ್ತು, "ಆನು ಹಾಕಿ ಆತನ್ನೇ ಅತ್ತಿಗೆ, ಮೊನ್ನೆಯೇ. ತೊಂಡೆ ಬುಡಕ್ಕೆ."

"ಒಲಗೆ ಎಂತೆಲ್ಲ ಹಾಕಿತ್ತಿದ್ದೆ?" ಕೇಳಿದೆ.

"ಅದನ್ನೇ ಈಗ ಗ್ರೇಶಿಗೊಂಡು ಇದ್ದೆ" ಹೇಳಿತ್ತು.

ನಾಳ್ತು ಆನು ಅಲ್ಲಿಗೆ ಹೋವುತ್ತೆ, ಇಬ್ರೂ ಸೇರಿ ಬುಡ ಬಿಡುಸಿ ನೋಡ್ಲೆ. ನಿಂಗಳೂ ಒಂದರಿ ನಿಂಗಳ ಒಲೆಯ ಬೂದಿಯ ಗೆರಸಿಲಿ ಹಾಕಿ, ಚೆಂಡಿ ಮಾಡಿ ಕೈ ಆಡುಸಿ ನೋಡಿ.